ಎಡಗೈಯಲ್ಲಿ ಮೈಕು

ಮೌನಿ ಹಳೆಯ ಕಡತಗಳನ್ನು ಹೊಲಿಯುತ್ತಿದ್ದಳು. ದಬ್ಬಣದಿಂದ ಕಾಗದದ ಕಟ್ಟಿಗೆ ತೂತು ಕೊರೆಯುವುದು, ಬಿಳಿ ದಾರ ಪೋಣಿಸುವುದು, ಬಿಗಿಯಾಗಿ ಎಳೆದು ಗಂಟು ಹಾಕುವುದು, ಮುಂದಿನ ಕಟ್ಟು ಎತ್ತಿಕೊಳ್ಳುವುದು. ಠಾಣೆಯಲ್ಲಿ ಬೆಳಗಿನ ಹೊತ್ತು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪೇದೆಯಾಗಿ ಸೇರಿ ಎರಡು ವರ್ಷವಾಗಿದ್ದರೂ ಅವಳ ಬಾಯಿಂದ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ದಫೇದಾರ ಆ ಹೆಸರಿಟ್ಟಿದ್ದ. ದಫೇದಾರನಿಗೆ ಎಲ್ಲರೂ ‘ಮೀಸೆ’ ಅನ್ನುತ್ತಿದ್ದರು. ಯಾಕೆಂದು ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ನಿನ್ನೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಆಸ್ಪತ್ರೆಗೆ ಓಡಿದವಳು ಅದನ್ನು ತೆಗೆಯುವುದನ್ನೇ ಮರೆತಿದ್ದಳು.

‘ಕೂತ್ಕೊಳ್ಳಿ ಅಮ್ಮಾ. ಏನಾಯ್ತು?’ ಅಂದ ಮೀಸೆ.

‘ನನ್ನ ಮಗಳ ಬೆರಳು ಹೋಯ್ತು. ಎಡಗೈದು, ಮೂರು. ಅವಳದೇ ತಪ್ಪು ಅಂತಿದ್ದಾರೆ. ಅಲ್ಲ ಅಂತ ಬರ್ಕೊಳ್ಳಿ.’

‘ಏನಾಯ್ತು ಅನ್ನೋದನ್ನ ಮೊದಲು ಬರ್ಕೊಳ್ತೀವಿ. ತಪ್ಪು ಯಾರದು ಅನ್ನೋದು ಆಮೇಲೆ.’

‘ಅವರಿಗ್ಯಾಕೆ ಅದು ಮೊದಲೇ ಗೊತ್ತಾಯ್ತು ಹಾಗಾದ್ರೆ?’

ಮೀಸೆ ಪೆನ್ನಿನ ಮುಚ್ಚಳ ತೆಗೆದ.

ಅವಳು ಹೇಳಿದ್ದು ಇಷ್ಟು. ಮಗಳು ವೃತ್ತಿಶಿಕ್ಷಣ ಶಾಲೆಯಲ್ಲಿ ಮುದ್ರಣದ ಕೆಲಸ ಕಲಿಯುತ್ತಿದ್ದಳು, ಕೊನೆಯ ವರ್ಷ. ವಾರಕ್ಕೆ ಎರಡು ದಿನ ಶಾಲೆಯೇ ಮಕ್ಕಳನ್ನು ಒಂದು ಪ್ರೆಸ್ಸಿಗೆ ಕಳಿಸುತ್ತಿತ್ತು. ಕೆಲಸದ ಜಾಗದಲ್ಲೇ ಕಲಿಯಲಿ ಎಂದು. ನೋಡಿಕೊಳ್ಳಲು ಜೊತೆಗೊಬ್ಬ ಟೀಚರ್. ನಿನ್ನೆ ಮಧ್ಯಾಹ್ನ ಕಾಗದ ಕತ್ತರಿಸುವ ಯಂತ್ರಕ್ಕೆ ಹುಡುಗಿಯ ಕೈ ಸಿಕ್ಕಿತು. ಸಂಜೆ ಆಸ್ಪತ್ರೆಗೆ ಬಂದ ಹೆಡ್‌ಮಾಸ್ಟರು ಹಾಸಿಗೆಯ ಕಡೆ ತಿರುಗಿಯೂ ನೋಡದೆ ಹೇಳಿದರು: ಹುಡುಗಿಯರಿಬ್ಬರು ಆಟವಾಡುತ್ತಿದ್ದರು, ಒಬ್ಬಳು ಕೈ ಇಟ್ಟಳು, ಗೆಳತಿ ಗುಂಡಿ ಒತ್ತಿದಳು, ಇಬ್ಬರನ್ನೂ ಶಾಲೆಯಿಂದ ತೆಗೆಯುತ್ತೇವೆ.

‘ಆ ಗೆಳತಿ ರಾತ್ರಿಯೆಲ್ಲಾ ನನ್ನ ಮಗಳ ಕಾಲ ಹತ್ರ ಕೂತಿದ್ಲು,’ ಅಂದಳು ತಾಯಿ. ‘ನಾನು ಒತ್ತಲಿಲ್ಲ ಆಂಟಿ, ನಾನು ಒತ್ತಲಿಲ್ಲ ಅಂತ ಅದೊಂದೇ. ಈಗ ಆ ಮಗೂನೂ ಹಿಡ್ಕೊಂಡು ಹೋಗ್ತೀರಾ?’

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಬಂದು ಕೇಳಿಸಿಕೊಂಡಿದ್ದರು. ಕೂದಲು ನರೆತ, ಮಾತನ್ನು ಅಳೆದು ಕತ್ತರಿಸುವ ಮನುಷ್ಯ.

‘ಎಫ್‌ಐಆರ್ ಹಾಕಿ,’ ಅಂದರು. ‘ಮೌನಿ, ದಬ್ಬಣ ಅಲ್ಲೇ ಇಡು. ಜೀಪು ಹತ್ತು.’

ಮೌನಿ ದಬ್ಬಣವನ್ನು ಕಡತದ ಕಟ್ಟಿಗೆ ಚುಚ್ಚಿದಳು. ಅದು ಹಿಡಿಯವರೆಗೂ ಇಳಿಯಿತು.

ಪ್ರೆಸ್ಸಿನಲ್ಲಿ ನೆಲವನ್ನು ಆಗಲೇ ತೊಳೆದಿದ್ದರು. ಫಿನೈಲಿನ ವಾಸನೆ ಶಾಯಿಯ ವಾಸನೆಯನ್ನು ಮೀರಿಸಿ ಮೂಗಿಗೆ ಹೊಡೆಯುತ್ತಿತ್ತು. ಮಾಲೀಕ ಎರಡು ಕೈ ಜೋಡಿಸಿ ಎದುರುಗೊಂಡ. ಇಬ್ಬರು ಪಂಚರನ್ನು ಕರೆಸಿ ಇನ್ಸ್‌ಪೆಕ್ಟರ್ ಪಂಚನಾಮೆ ಶುರು ಮಾಡಿದರು.

ಕಟಿಂಗ್ ಮೆಷಿನ್ ಗೋಡೆಯ ಪಕ್ಕದಲ್ಲಿತ್ತು, ಊಟದ ಮೇಜಿನಷ್ಟು ಅಗಲ. ಮುಂದಿನ ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಹಸಿರು ಗುಂಡಿ. ನಡುವೆ ಹಾಳೆಯ ಕಟ್ಟು ಇಡುವ ಜಾಗ. ಮೇಲೆ ಉದ್ದನೆಯ ಬ್ಲೇಡು.

‘ಹಳೇದು ಸರ್, ಆದ್ರೆ ನಿಯತ್ತಿನ ಮೆಷಿನು,’ ಅಂದ ಮಾಲೀಕ. ‘ಎರಡೂ ಗುಂಡಿ ಒಟ್ಟಿಗೆ ಒತ್ತಿದ್ರೆ ಮಾತ್ರ ಬ್ಲೇಡು ಇಳಿಯುತ್ತೆ. ನೋಡಿ.’

ಬಲದ್ದನ್ನು ಮಾತ್ರ ಒತ್ತಿದ. ಬ್ಲೇಡು ಅಲುಗಲಿಲ್ಲ. ಎಡದ್ದನ್ನು ಒತ್ತಿದ. ಇಲ್ಲ. ಎರಡನ್ನೂ ಒತ್ತಿದ, ಬ್ಲೇಡು ಒಂದೇ ಏಟಿಗೆ ಇಳಿದು ಮೇಲೆದ್ದಿತು. ಪಂಚರಲ್ಲೊಬ್ಬ ತನ್ನ ಕೈಗಳನ್ನು ಜೇಬಿಗೆ ಸೇರಿಸಿಕೊಂಡ.

‘ಎರಡು ಕೈಯೂ ಗುಂಡಿ ಮೇಲಿದ್ರೆ ಬ್ಲೇಡಿನ ಕೆಳಗೆ ಹೋದ ಮೂರನೇ ಕೈ ಯಾರದು?’ ಇನ್ಸ್‌ಪೆಕ್ಟರ್ ಕೇಳಿದರು.

‘ಅದೇ ಸರ್, ನಾನು ಹೇಳೋದು. ಆ ಇನ್ನೊಬ್ಬಳು ಒತ್ತಿರಬೇಕು. ಹುಡುಗು ಬುದ್ಧಿ.’

‘ನೀವು ನೋಡಿದ್ರಾ?’

‘ನಾನು ಆಫೀಸಿನೊಳಗಿದ್ದೆ.’

‘ನೋಡಿದವರು?’

‘ಟೀಚರ್ ಇದ್ರಲ್ಲ. ನೋಡ್ಕೊಳ್ಳೋಕೆ ಅಂತಾನೇ ಬಂದಿದ್ದು ಅವರು.’

ನೆಲದ ಮೇಲೆ ಯಂತ್ರದಿಂದ ಸ್ವಲ್ಪ ದೂರಕ್ಕೆ ಹಳದಿ ಬಣ್ಣದ ಗೆರೆ ಎಳೆದಿತ್ತು. ಮೌನಿ ಅದನ್ನು ದಾಟಿ ಯಂತ್ರದ ಹತ್ತಿರ ಹೋಗಿ ಬಗ್ಗಿದಳು. ಬಲಗಡೆಯ ಗುಂಡಿ ಸವೆದು ಹೊಳೆಯುತ್ತಿತ್ತು. ಎಡಗಡೆಯದು ಹೊಳೆಯುತ್ತಿರಲಿಲ್ಲ. ಅದರ ಅಕ್ಕಪಕ್ಕದ ಲೋಹಕ್ಕೆ ಕಾಗದದ ಬಿಳಿ ಧೂಳು ಪಟ್ಟಿಯ ಹಾಗೆ ಅಂಟಿಕೊಂಡಿತ್ತು. ಉಳಿದೆಲ್ಲಾ ಕಡೆ ಧೂಳು ಊದಿದರೆ ಹಾರುತ್ತಿತ್ತು. ಅಲ್ಲಿ ಮಾತ್ರ ಹಾರಲಿಲ್ಲ. ಬೆರಳಿಟ್ಟಳು. ಬೆರಳು ಅಂಟಿತು.

‘ಸರ್,’ ಅಂದಳು.

ಇನ್ಸ್‌ಪೆಕ್ಟರ್ ತಾವೂ ಬೆರಳಿಟ್ಟು ನೋಡಿದರು. ‘ಇಲ್ಲಿ ಏನು ಅಂಟಿಸಿದ್ರಿ?’

‘ಏನೂ ಇಲ್ಲ ಸರ್.’ ಮಾಲೀಕನ ಬಾಯಿ ಹೀಗೆ ಹೇಳಿತು. ಕಣ್ಣು ಮಾತ್ರ ಹಿಂಬಾಗಿಲ ಬಳಿ ಪೇರಿಸಿದ್ದ ರದ್ದಿ ಮೂಟೆಗಳ ಕಡೆ ಹೋಗಿ ಬಂತು.

‘ಮೀಸೆ, ಮೂಟೆ ಬಿಚ್ಚಿ.’

‘ಎಲ್ಲವನ್ನೂ?’

‘ಸಿಗೋವರೆಗೆ.’

ಮೀಸೆ ತೋಳು ಮಡಚಿದ. ‘ಮದುವೆಯಾದಾಗಿಂದ ಮನೇಲಿ ಕನ್ನಡಕ ಹುಡುಕೋನೂ ನಾನೇ, ಬೈಸಿಕೊಳ್ಳೋನೂ ನಾನೇ,’ ಎಂದು ಗೊಣಗುತ್ತಾ ಕಾಗದದ ಚೂರುಗಳೊಳಗೆ ಮೊಣಕೈಯವರೆಗೆ ಇಳಿದ. ಮಧ್ಯಾಹ್ನದ ಹೊತ್ತಿಗೆ ಅವನ ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಕಂದು ಟೇಪಿನ ಒಂದು ಉಂಡೆ ಇತ್ತು. ಉಂಡೆಯ ನಡುವೆ ಮಡಿಸಿ ಮಡಿಸಿ ದಪ್ಪ ಮಾಡಿದ ರಟ್ಟಿನ ತುಂಡು. ಇನ್ಸ್‌ಪೆಕ್ಟರ್ ಅದನ್ನು ಎಡಗುಂಡಿಯ ಮೇಲೆ ಹಿಡಿದು ನೋಡಿದರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

‘ರಟ್ಟು ಇಟ್ಟು ಟೇಪು ಸುತ್ತಿದ್ರೆ ಈ ಗುಂಡಿ ಯಾವಾಗಲೂ ಒತ್ತಿಕೊಂಡೇ ಇರುತ್ತೆ. ಬಲಗೈ ಒಂದಿದ್ದರೆ ಸಾಕು,’ ಅಂದರು. ‘ಮೂರನೇ ಕೈ ಇರಲೇ ಇಲ್ಲ. ಎಡಗೈಗೆ ಕೆಲಸ ಇಲ್ಲದ ಹಾಗೆ ಮಾಡಿದ್ರಿ. ಅದು ಹಾಳೆ ಸರಿಮಾಡೋಕೆ ಒಳಗೆ ಹೋಯ್ತು. ಟೇಪು ಸುತ್ತಿದ್ದು ಯಾರು?’

ಮಾಲೀಕ ಆಫೀಸಿನ ಬಾಗಿಲ ಕಡೆಗೆ ಸರಿದ. ಟೇಪಿನ ಉಂಡೆಯನ್ನು ಪಂಚರ ಎದುರು ಸೀಲ್ ಮಾಡಿ ಬೆರಳಚ್ಚು ತಜ್ಞರಿಗೆ ಕಳಿಸಿದರು.

ಟೀಚರನ್ನು ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಕೂರಿಸಿ ಇನ್ಸ್‌ಪೆಕ್ಟರ್ ಕೇಳಿದರು. ಮೌನಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಭಾಷೆಯ ಪಾಠ ಮಾಡುವವಳು. ಮಕ್ಕಳನ್ನು ಪ್ರೆಸ್ಸಿಗೆ ಕರೆದೊಯ್ಯಲು ಬೇರೆ ಯಾರೂ ಒಪ್ಪದ್ದಕ್ಕೆ ಇವಳ ತಲೆಗೆ ಕಟ್ಟಿದ್ದರು.

‘ಎಡಗಡೆ ಗುಂಡಿಗೆ ಟೇಪು ಸುತ್ತಿತ್ತಾ?’

‘ಇತ್ತು.’

‘ಯಾವಾಗಿಂದ?’

‘ತರಬೇತಿ ದಿನದಿಂದ. ಮಕ್ಕಳನ್ನ ಹೇಗೆ ನೋಡ್ಕೋಬೇಕು ಅಂತ ನಮಗೆಲ್ಲಾ ಅದೇ ಪ್ರೆಸ್ಸಲ್ಲಿ ತರಬೇತಿ ಕೊಟ್ಟಿದ್ರು. ಬಲಗಡೆ ಗುಂಡಿ ಒತ್ತಿ ತೋರಿಸಿದ್ರು. ಎಡಗಡೇದು ಕೆಟ್ಟುಹೋಗಿದೆ, ಬೇಡದ್ದು ಅಂತ ಅಂದ್ಕೊಂಡೆ. ಮಕ್ಕಳಿಗೂ ಹಾಗೇ ಹೇಳಿಕೊಟ್ಟೆ.’

‘ಆ ಗೆಳತಿ ಗುಂಡಿ ಒತ್ತಿದ್ದು ನೋಡಿದ್ರಾ?’

‘ಇಲ್ಲ. ಅವಳು ಹಾಳೆ ತರೋಕೆ ಹೋಗಿದ್ಲು.’

‘ನಿನ್ನೆ ಯಾಕೆ ಹೇಳಲಿಲ್ಲ?’

ಟೀಚರ್ ತಲೆ ತಗ್ಗಿಸಿದಳು. ‘ಬಾಯಿ ಬಿಟ್ರೆ ಎಲ್ಲಾ ನಿನ್ನ ಮೇಲೇ ಬರುತ್ತೆ ಅಂದ್ರು ಹೆಡ್‌ಮಾಸ್ಟರು.’

‘ಅದಕ್ಕೆ ಹದಿನೇಳು ವರ್ಷದ ಹುಡುಗಿ ಮೇಲೆ ಗೂಬೆ ಕೂರಿಸಿದ್ರಿ.’

ಇನ್ಸ್‌ಪೆಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

‘ನೀವು ಎಲ್ಲಿ ನಿಂತಿದ್ರಿ?’

‘ಹಳದಿ ಗೆರೆ ಹಿಂದೆ. ಮೆಷಿನ್ ಓಡುವಾಗ ಟೀಚರುಗಳು ಗೆರೆ ದಾಟಬಾರದು ಅಂತ ಹೇಳಿದ್ರು. ನೋಡ್ಕೊಳ್ಳೋದು ಅಂದ್ರೆ ದೂರ ನಿಂತು ನೋಡ್ತಾ ಇರೋದು ಅಂದಿದ್ರು.’ ಅವಳ ದನಿ ಸಣ್ಣಗಾಯಿತು. ‘ಅವಳು ಕರೆದ್ಲು. ಹಾಳೆ ಸರಿಯಾಗಿ ಕೂರ್ತಿಲ್ಲ ಮಿಸ್, ಹತ್ರ ಬನ್ನಿ ಅಂತ. ನಾನು ಅಲ್ಲಿಂದಲೇ, ಕೈಯಲ್ಲಿ ಸರಿಮಾಡ್ಕೋ ಅಂದೆ.’

ಹೇಳಿಕೆ ಬರೆದುಕೊಳ್ಳುತ್ತಿದ್ದ ಮೌನಿಯ ಪೆನ್ನು ಕಾಗದವನ್ನೇ ಹರಿದುಹಾಕಿತು. ಹಾಳೆ ಬದಲಿಸಿ ಅದೇ ಸಾಲನ್ನು ಮತ್ತೆ ಬರೆಯಬೇಕಾಯಿತು. ಎರಡನೇ ಸಲ ಬರೆಯುವಾಗ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಎದುರಿಗಿದ್ದವಳ ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ನಾಲ್ಕು ಹೆಜ್ಜೆ ಇಡೋಕೆ ಯಾರ ಅಪ್ಪಣೆ ಬೇಕಿತ್ತು ನಿನಗೆ? ಹಲ್ಲು ಕಚ್ಚಿ ಬರೆದು ಮುಗಿಸಿ, ಸಹಿಗೆ ಹಾಳೆ ಮುಂದೆ ತಳ್ಳಿದಳು.

ಟೀಚರುಗಳಿಗೆ ಆ ತರಬೇತಿ ಕೊಟ್ಟ ಕೇಂದ್ರ ಎರಡು ಬೀದಿ ಆಚೆಗಿತ್ತು. ತರಬೇತುದಾರ ಎದ್ದು ಕುರ್ಚಿ ಹಾಕಿಸಿದ. ಇಸ್ತ್ರಿ ಮಾಡಿದ ಅಂಗಿ, ಕಿವಿಗೆ ಹಿತವಾದ ದನಿ. ಸುದ್ದಿ ಕೇಳಿ ತನಗೆ ಊಟ ಸೇರಿಲ್ಲ ಅಂದ.

‘ನಾನು ಟೀಚರುಗಳಿಗೆ ಏನು ಹೇಳ್ತೀನಿ ಗೊತ್ತಾ ಸರ್? ಮಕ್ಕಳ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನಿಗಾ ಇಡಿ ಅಂತ. ಆದ್ರೂ ಹೀಗಾಯ್ತಲ್ಲ.’

‘ಆ ಕಟಿಂಗ್ ಮೆಷಿನ್ ಓಡಿಸಿ ತೋರಿಸಿದ್ರಾ?’

‘ಇಲ್ಲ ಇಲ್ಲ. ಬರೀ ಬಾಯಲ್ಲಿ ವಿವರಿಸಿದ್ದು. ಯಂತ್ರ ನಾನು ಮುಟ್ಟೋದೇ ಇಲ್ಲ.’

ಮೌನಿ ಕೂತಿರಲಿಲ್ಲ. ಎಂದಿನಂತೆ ಗೋಡೆಗಳನ್ನು ನೋಡುತ್ತಿದ್ದಳು. ಅವನ ಕುರ್ಚಿಯ ಹಿಂದೆಯೇ ಬಾಗಿಲಗಲದ ಒಂದು ಫೋಟೋ, ಕಟ್ಟು ಹಾಕಿಸಿದ್ದು. ಟೀಚರುಗಳು ಗುಂಪಾಗಿ ನಿಂತಿದ್ದಾರೆ, ಎಲ್ಲರ ಮುಖವೂ ಒಂದೇ ಕಡೆಗೆ. ಮುಂದೆ ಕಟಿಂಗ್ ಮೆಷಿನ್, ಅದರ ಹಿಂದೆ ಇವನು. ಅವಳು ಹತ್ತಿರ ಹೋಗಿ ನೋಡಿದಳು. ಆಮೇಲೆ ಮೊಳೆಯಿಂದ ಫೋಟೋವನ್ನೇ ಇಳಿಸಿ ತಂದು ಮೇಜಿನ ಮೇಲೆ ಅವನ ಮುಂದಿಟ್ಟಳು. ಇನ್ಸ್‌ಪೆಕ್ಟರ್ ಒಮ್ಮೆ ಫೋಟೋ ನೋಡಿದರು, ಒಮ್ಮೆ ಅವಳನ್ನು ನೋಡಿದರು.

‘ನೀನೇ ಕೇಳು,’ ಅಂದರು.

ಮೌನಿ ಗಂಟಲು ಸರಿಮಾಡಿಕೊಂಡಳು.

‘ಇವರು ಯಾರು?’

‘ನಾನೇ.’

‘ಬಲಗೈ ಎಲ್ಲಿದೆ?’

‘ಗುಂಡಿ ಮೇಲೆ. ಅದು ಫೋಟೋಗೆ ಅಂತ ಸುಮ್ನೆ…’

‘ಬ್ಲೇಡು ಎಲ್ಲಿದೆ?’

ಬ್ಲೇಡು ಹಾಳೆಯ ಕಟ್ಟಿನೊಳಗೆ ಅರ್ಧ ಇಳಿದಿತ್ತು. ಕತ್ತರಿಸಿದ ಅಂಚು ಬಾಗಿ ಬೀಳುತ್ತಿತ್ತು.

‘ಎಡಗೈಯಲ್ಲಿ ಏನಿದೆ?’

ಹೊರಗೆ ಯಾವುದೋ ಗಾಡಿ ಹಾರನ್ ಹಾಕಿತು. ಅವನು ತನ್ನದೇ ಫೋಟೋವನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

‘ಎಡಗೈಯಲ್ಲಿ ಏನಿದೆ ಅಂತ ಕೇಳಿದೆ.’

‘ಮೈಕು,’ ಅಂದ.

ಬೆರಳಚ್ಚಿನ ವರದಿ ಶುಕ್ರವಾರ ಬಂತು. ಟೇಪಿನ ಅಂಟಿನ ಮೇಲಿದ್ದ ಹೆಬ್ಬೆರಳ ಗುರುತು ತರಬೇತುದಾರನದೇ. ಮಾಲೀಕನೂ ಅಷ್ಟರಲ್ಲಿ ಬಾಯಿಬಿಟ್ಟಿದ್ದ: ಟೇಪು ಇದ್ದರೆ ಕೆಲಸ ಬೇಗ ಸಾಗುತ್ತಿತ್ತು, ಅದಕ್ಕೇ ತೆಗೆಯಲಿಲ್ಲ. ಹುಡುಗಿಯನ್ನು ಆಸ್ಪತ್ರೆಗೆ ಒಯ್ದ ಕೂಡಲೇ ತರಬೇತುದಾರನಿಗೆ ಫೋನ್ ಮಾಡಿದ. ಅವನು ಓಡಿ ಬಂದು ಚಾಕುವಿನಿಂದ ಟೇಪು ಕೊಯ್ದು ರದ್ದಿಗೆ ಎಸೆದ. ಆಗಿನ್ನೂ ನೆಲದ ಮೇಲಿನ ರಕ್ತ ಆರಿರಲಿಲ್ಲ. ಆಮೇಲೆ ಹೆಡ್‌ಮಾಸ್ಟರನ್ನೂ ಕೂಡಿಸಿಕೊಂಡು ಮೂವರೂ ಸೇರಿ ಗೆಳತಿಯ ಕತೆ ಕಟ್ಟಿದರು.

ಮೂವರ ಮೇಲೂ ಕೇಸಾಯಿತು. ತರಬೇತುದಾರನನ್ನು ಮಧ್ಯಾಹ್ನ ಬಂಧಿಸಿದರು. ಅವನು ಜಗಳ ಮಾಡಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ಯಾರೂ ಕೇಳದೆಯೇ ಹೇಳತೊಡಗಿದ. ಮೊದಲು ಅವನೂ ಮೇಷ್ಟ್ರಾಗಿದ್ದನಂತೆ. ಹಿಂದಿನ ಬೆಂಚಿನವರು ಒಂದು ದಿನವೂ ಅವನ ಪಾಠ ಕೇಳಿರಲಿಲ್ಲ. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೇ ನಗುತ್ತಿದ್ದರು. ಕೈಗೆ ಮೈಕು ಬಂದ ದಿನ ಒಂದು ಕೋಣೆ ಜನ ತೆಪ್ಪಗೆ ಕೂತು ತನ್ನನ್ನೇ ನೋಡಿದರು. ಅದು ಅವನಿಗೆ ಬದುಕಿನಲ್ಲೇ ಮೊದಲು.

‘ಎರಡು ಗುಂಡಿ ಒತ್ತಬೇಕಾದ್ರೆ ಮೈಕು ಕೆಳಗಿಡಬೇಕಿತ್ತು,’ ಅಂದ. ‘ಇಟ್ರೆ ಅವರು ಮಾತಾಡೋಕೆ ಶುರು ಮಾಡ್ತಾರೆ.’

ಮೌನಿ ಅವನ ಮುಖ ನೋಡಲಿಲ್ಲ. ಅಯ್ಯೋ ಅನ್ನಿಸಬಹುದು ಎಂಬ ಭಯ. ಅವನ ಮೇಲಿದ್ದ ಸಿಟ್ಟನ್ನು ಕಳೆದುಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ಸಂಜೆಗೆ ಮುಂಚೆ ಹುಡುಗಿಯ ಹೇಳಿಕೆ ತೆಗೆದುಕೊಳ್ಳಲು ಮೌನಿಯೊಬ್ಬಳೇ ಆಸ್ಪತ್ರೆಗೆ ಹೋದಳು. ತಾಯಿ ಮಂಚದ ತುದಿಯಲ್ಲಿ ಕೂತಿದ್ದಳು. ಮೌನಿ ಬಗ್ಗಿ ಹುಡುಗಿಯ ಕಿವಿಯ ಹತ್ತಿರ, ‘ನಿನ್ನ ತಪ್ಪಲ್ಲ. ನಿನ್ನ ಗೆಳತೀದೂ ಅಲ್ಲ. ಹಾಗಂತಾನೇ ಬರೆದಿದ್ದೀವಿ,’ ಅಂದಳು.

‘ನಾನು ಅವಸರ ಮಾಡಿದೆ ಅಕ್ಕಾ,’ ಅಂದಳು ಹುಡುಗಿ.

‘ಇಲ್ಲ ಕಣೇ,’ ಅಂದಳು ತಾಯಿ. ನಾಲ್ಕು ದಿನದಿಂದ ಅದನ್ನೇ ಹೇಳಿ ಹೇಳಿ ಅವಳ ದನಿ ಸವೆದಿತ್ತು.

ಹೇಳಿಕೆ ಮುಗಿಯುವ ಹೊತ್ತಿಗೆ ಟೀಚರ್ ಬಂದಳು. ಎಲ್ಲವನ್ನೂ ಹೇಳಿ ಸಹಿ ಹಾಕಿದ ಮೇಲೆ ಇದೇ ಮೊದಲ ಸಲ ಬಂದದ್ದು. ಬಾಗಿಲವರೆಗೆ ಬಂದು ಅಲ್ಲೇ ನಿಂತಳು. ತಾಯಿ ಮುಖ ತಿರುಗಿಸಿದಳು. ನರ್ಸು ಟ್ರೇ ಹಿಡಿದು ಒಳಗೆ ಬಂದು, ಕಟ್ಟು ಬದಲಿಸಬೇಕು, ಸ್ವಲ್ಪ ನೋವಾಗುತ್ತೆ ಅಂದಳು.

ಹುಡುಗಿ ಬಾಗಿಲ ಕಡೆ ನೋಡಿದಳು.

‘ಮಿಸ್, ಹತ್ರ ಬಂದು ನಿಂತ್ಕೊಳ್ತೀರಾ?’

ನರ್ಸು ಬಟ್ಟೆಯ ಮೊದಲ ಸುತ್ತು ಬಿಚ್ಚಿದಳು. ಟೀಚರ್ ಹೊಸ್ತಿಲನ್ನೇ ನೋಡುತ್ತಿದ್ದಳು. ಮೌನಿ ಬರೆಯುವುದನ್ನು ನಿಲ್ಲಿಸಿ ಅವಳ ಕಾಲುಗಳನ್ನು ನೋಡಿದಳು. ಎರಡನೇ ಸುತ್ತು ಬಿಚ್ಚಿಕೊಂಡಿತು.

‘ಮಿಸ್, ಸ್ವಲ್ಪ ಹತ್ರ ಬನ್ನಿ.’