ಅರ್ಜಿಯಲ್ಲಿ ಅವನ ನಂಬರ್

"ಮೊಬೈಲ್ ನಂಬರ್ ಹೇಳ್ರಿ."

"ನನ್ನ ಕಡೆ ಫೋನ್ ಇಲ್ರೀ..."

ತನ್ನ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಮುಂದೆ ಕೂತಿದ್ದ ನಿಯಾಜ ತಲೆ ಎತ್ತಿದ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಬಂದಿದ್ದ ಇರಮಳ ಕಣ್ಣುಗಳು ಆಗಲೇ ತುಂಬಿದ್ದವು. ಸ್ಕಾಲರ್‌ಶಿಪ್ ಬಂದರೆ ನರ್ಸಿಂಗ್ ಕಾಲೇಜು, ಇಲ್ಲದಿದ್ದರೆ ಮನೆ. ಅಬ್ಬಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಅಳಬ್ಯಾಡ್ರಿ. ನನ್ನ ನಂಬರ್ ಹಾಕ್ತೇನಿ. ಮೆಸೇಜ್ ಬಂದ್ರ ನಾನ ಬಂದು ಹೇಳ್ತೇನಿ."

ಅವಳು ನಕ್ಕಳು. ಸಿಂದಗಿ ಬಸ್ ನಿಲ್ದಾಣದ ಎದುರಿನ ಆ ಪುಟ್ಟ ಅಂಗಡಿಗೆ ಆಮೇಲೆ ಕೆಲಸವಿದ್ದೂ ಹೋದಳು, ಇಲ್ಲದೆಯೂ ಹೋದಳು. ಒಬ್ಬ ಹುಡುಗಿಗೆ ಅಷ್ಟೊಂದು ಝೆರಾಕ್ಸ್ ಬೇಕಾಗುತ್ತದೆಯೇ? ನೀವೇ ಹೇಳಿ!

ಆದರೆ ಗೆಳತಿಯರಿಗೆಲ್ಲ ಹಣ ಬಂತು, ಇರಮಳ ಖಾತೆ ಮಾತ್ರ ಖಾಲಿ. ಫೀ ಕಟ್ಟು ಎಂದು ಕಾಲೇಜಿನವರು ಬೆನ್ನು ಬಿದ್ದರು. 'ನಂಬರ್ ಅವಂದು ಅಂದ್ರ ರೊಕ್ಕಾನೂ ಅವನ ನುಂಗ್ಯಾನ' ಎಂದು ಯಾರೋ ಅಂದರು. ಅವಳು ನಂಬಿಬಿಟ್ಟಳು!

"ನನ್ನ ರೊಕ್ಕ ತಿಂದು ದಕ್ಕಿಸ್ಕೊಳ್ತೀ ಏನ?" ಅಂಗಡಿಯ ತುಂಬ ಜನರಿದ್ದರು.

"ಇರಮ, ನನ್ನ ಮಾತರ ಕೇಳ್ರಿ..."

ಕೇಳಲಿಲ್ಲ. ಮರುದಿನ ಅವನು ಮನೆಗೇ ಬಂದಾಗ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದಳು. ಫೀ ಕಟ್ಟಲಾಗದೆ ಅವಳು ಕಾಲೇಜು ಬಿಟ್ಟಳು. ಗಿರಾಕಿಗಳು ಅವನ ಅಂಗಡಿ ಬಿಟ್ಟರು. ಅವನು ಶಟರ್ ಎಳೆದು ಮುದ್ದೇಬಿಹಾಳಕ್ಕೆ ಹೋದ.

ವರ್ಷ ಕಳೆಯಿತು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಇರಮ, ಆಧಾರ್ ಜೋಡಿಸಲು ಬ್ಯಾಂಕಿಗೆ ಹೋದಳು.

"ನಿನ್ನ ಆಧಾರ್ ಮನಗೂಳಿ ಬ್ಯಾಂಕಿನ ಖಾತೆಗೆ ಜೋಡಣಿ ಆಗೇತಲ್ಲವಾ! ಸರ್ಕಾರದ ರೊಕ್ಕ ಏನಿದ್ರೂ ಅಲ್ಲಿಗೇ ಹೋಗ್ತೈತಿ" ಎಂದಳು ಕೌಂಟರಿನಾಕೆ.

ಮನಗೂಳಿ! ಅಜ್ಜಿಯ ಮನೆಯಲ್ಲಿದ್ದು ಓದುವಾಗ ಶಾಲೆಯವರು ತೆರೆಸಿದ್ದ ಖಾತೆ. ಅದನ್ನು ಅವಳೇ ಮರೆತಿದ್ದಳು. ಸ್ಕಾಲರ್‌ಶಿಪ್ ಹಣ ಅಲ್ಲೇ ಹಾಗೆಯೇ ಕೂತಿತ್ತು.

'ಯಾ ಅಲ್ಲಾ... ಅವ್ರು ಮನಿಗೆ ಬಂದಿದ್ದು ಇದನ್ನ ಹೇಳಾಕನಾ?'

ಮುದ್ದೇಬಿಹಾಳದಲ್ಲಿ, ಯಾರದೋ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಯಾಜ ಕೂಲಿಗಿದ್ದ. ಹುಡುಕಿಕೊಂಡು ಬಂದ ಇರಮಳನ್ನು ಕಂಡು ಅವನ ಕೈ ನಿಂತಿತು.

"ಮಾಫ್ ಮಾಡ್ರಿ..."

"ಹುಡುಕಿ ನೋಡಿದಾಗ ರೊಕ್ಕ ನಿನ್ನ ಹಳೇ ಖಾತೆಗೆ ಹೋಗಿದ್ದು ಗೊತ್ತಾತು. ಅದನ್ನ ಹೇಳಾಕ ಬಂದಿದ್ನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. "ಬೈದದ್ದು ಸಿಂದಗ್ಯಾಗ, ಎಲ್ಲಾರ ಮುಂದ. ಮಾಫಿ ಇಲ್ಲಿ, ಯಾರೂ ಇಲ್ಲದಾಗ?"

"ಅಲ್ಲೂ ಹೇಳೇ ಬಂದೇನ್ರಿ! ನಿಮ್ಮ ಮುಚ್ಚಿದ ಅಂಗಡಿ ಮುಂದ ನಿಂತು, ಚಹಾದವ್ರಿಗೆ, ಹಣ್ಣಿನವ್ರಿಗೆ... ತಪ್ಪು ನಂದು ಅಂತ ಒದರಿ ಬಂದೇನಿ."

ನಿಯಾಜ ಕೈಯಲ್ಲಿದ್ದ ಮೊಬೈಲ್ ಕೆಳಗಿಟ್ಟ.

"ಅಂಗಡಿ ಹೋತು ಇರಮ. ನಿನ್ನ ವರ್ಷಾನೂ ಹೋತು."

"ಹೌದ್ರಿ... ಅವತ್ತು ನಿಮ್ಮ ಒಂದ ಮಾತು ಕೇಳಿದ್ರ ಎರಡೂ ಉಳೀತಿದ್ದು."

ಅವಳ ಅಳು ನೋಡಲಾಗದೆ ಅವನು ಮೂಲೆಯ ಕಂಪ್ಯೂಟರ್ ಹಚ್ಚಿದ.

"ಕಾಲೇಜಿನವ್ರು ತಿರುಗಿ ಸೇರಿಸ್ಕೊಳ್ತಾರೇನು?"

"ಹೂಂನ್ರಿ, ಕೇಳಿ ಬಂದೇನಿ."

"ಹಂಗಾರ ಈ ವರ್ಷದ ಅರ್ಜಿ ತುಂಬೂಣು. ನಂಬರ್ ಹೇಳು."

ಅವಳ ಕೈಯಲ್ಲೇ ಹೊಸ ಫೋನ್ ಇತ್ತು. ಆದರೂ...

"ನಿಮ್ಮದ ಹಾಕ್ರಿ."

"ಯಾರದು ಅಂತ ಜನ ಕೇಳಿದ್ರ?"

"ನನ್ನ ಲಗ್ನ ಆಗೋರದು ಅಂತೇನಿ... ನೀವು ಹೂಂ ಅಂದ್ರ."

ಅವನು ತನ್ನ ನಂಬರನ್ನೇ ಒತ್ತಿದ.

"ಈ ಸಲ ಹೇಳಾಕ ಬಂದ್ರ ಬಾಗಲಾ ತಗೀತೀ?"

"ತಗದ ಇಟ್ಟಿರ್ತೇನ್ರಿ."