ಒಂದು ಚೀಟಿ ಕಡಿಮೆ

ಬಂದಿರುತ್ತಾನಾ?

ಬರದಿದ್ದರೇ ಒಳ್ಳೆಯದು... ಬಂದಿದ್ದರೆ ಏನು ಮಾಡಲಿ? ನಕ್ಕರೆ, ಎಲ್ಲ ಮರೆತಿದ್ದಾಳೆ ಅಂದುಕೊಳ್ಳುತ್ತಾನೆ. ನಗದಿದ್ದರೆ, ಏನೂ ಮರೆತಿಲ್ಲ ಅಂತ ಗೊತ್ತಾಗಿಬಿಡುತ್ತದೆ. ಎರಡೂ ಬೇಡ...

ನಕ್ಷೆ ಕಚೇರಿಯ ಮೂರನೇ ಮಹಡಿಯಲ್ಲಿ, ಬಾಗಿಲ ಹಿಡಿಕೆಯ ಮೇಲೆ ಅವಳ ಕೈ ಹಾಗೇ ನಿಂತಿತ್ತು. ಅಷ್ಟರಲ್ಲಿ ಯಾರೋ ಒಳಗಿನಿಂದ ಬಾಗಿಲು ಎಳೆದರು.

ಅವನೇ!

ಆರು ವರ್ಷ. ಕಿವಿಯ ಬಳಿ ನಾಲ್ಕು ಬಿಳಿಕೂದಲು, ಬಿಸಿಲಿಗೆ ಕಂದಿದ ಮುಖ. ತೋರುಬೆರಳಿನ ಮೇಲೆ ಮಾತ್ರ ಅದೇ ಹಳೆಯ ಶಾಯಿ ಕಲೆ.

"ನೀನು... ಯಾವಾಗ ಬಂದೆ?"

ಅವನು ಕೈಯಲ್ಲಿದ್ದ ಬಸ್ ಟಿಕೆಟ್ ತೋರಿಸಿದ. ಆಮೇಲೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅಷ್ಟೇ!

'ಇವನ ಬಾಯಿಗೆ ಬೀಗ ಹಾಕಿದವರು ಕೀಲಿಕೈ ಎಲ್ಲಿ ಎಸೆದರೋ!' ಅಂದುಕೊಳ್ಳುತ್ತಾ ಅವಳು ಒಳಗೆ ನಡೆದಳು. 

ಸೋಮವಾರದಿಂದ ಆ ಕಚೇರಿಯಲ್ಲಿ ಕೈಯಿಂದ ನಕ್ಷೆ ಬರೆಯುವ ವಿಭಾಗ ಇರುವುದಿಲ್ಲ. ಅದಕ್ಕೇ ಹಳಬರೆಲ್ಲ ಕೊನೆಯ ಸಲ ಸೇರಿದ್ದರು. ಅವಳ ಚೀಲದಲ್ಲಿ ಬೇರೆ ಊರಿನ ಮುದ್ರಣಾಲಯವೊಂದರ ಕೆಲಸದ ಪತ್ರವಿತ್ತು. ನಾಳೆ ಬೆಳಿಗ್ಗೆ ರೈಲು. ಹೋಗುವ ಮೊದಲು ಅವನನ್ನು ಒಂದೇ ಒಂದು ಮಾತು ಕೇಳಬೇಕಿತ್ತು. ಇವತ್ತು ಕೇಳದಿದ್ದರೆ ಇನ್ನೆಂದೂ ಇಲ್ಲ.

ಆ ಚೀಟಿಯನ್ನು ಯಾಕೆ ಎಸೆದೆ?

ಕಿಟಕಿಯ ಪಕ್ಕದ ಇಳಿಜಾರು ಮೇಜು ಇನ್ನೂ ಅಲ್ಲೇ ಇತ್ತು. ಎಡಕ್ಕೆ ಅವನು ಕೂರುತ್ತಿದ್ದ, ಬಲಕ್ಕೆ ಅವಳು. ಅವನು ಗೆರೆ ಎಳೆಯುವವನು, ಅವಳು ಅಕ್ಷರ ಬರೆಯುವವಳು. ಅವನು ಎಳೆದ ನದಿಯ ಬಾಗಿಗೆ ತಕ್ಕ ಹಾಗೆ ಅವಳು ಅದರ ಹೆಸರನ್ನು ಬಾಗಿಸಿ ಬರೆಯಬೇಕು. ನಾಲ್ಕು ವರ್ಷ ಹೀಗೇ ನಡೆದಿತ್ತು. ಹಾಳೆ ಒಣಗಲೆಂದು ಇಬ್ಬರೂ ಒಟ್ಟಿಗೆ ಊದುತ್ತಿದ್ದದ್ದನ್ನು ಬಿಟ್ಟರೆ, ಆ ಮೇಜಿನಲ್ಲಿ ಸದ್ದೇ ಇರುತ್ತಿರಲಿಲ್ಲ. ಕಚೇರಿಯವರು ಅವನಿಗೆ 'ಗಪ್‌ಚುಪ್' ಅಂತಲೇ ಹೆಸರಿಟ್ಟಿದ್ದರು.

ಆ ಕಚೇರಿಗೆ ಒಂದೇ ಕಟ್ಟಳೆ. ಊಹೆ ಮಾಡಬಾರದು. ಹೆಸರು ಖಚಿತವಾಗದ ಹಳ್ಳಿ ಸಿಕ್ಕರೆ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ಹಾಳೆಯನ್ನು ವಾಪಸ್ ಕಳಿಸಬೇಕು. ಯಾರಾದರೂ ಹೋಗಿ, ಕೇಳಿ ಬರುವವರೆಗೂ ಆ ಜಾಗ ಖಾಲಿ.

ವರ್ಷಕ್ಕೊಂದು ದಿನ ಮಾತ್ರ ಇಡೀ ಕಚೇರಿ ಊಹೆಯನ್ನೇ ಆಟ ಮಾಡಿಕೊಳ್ಳುತ್ತಿತ್ತು. ಮೂವತ್ತು ಜನ, ಎರಡು ಪಾರ್ಟಿ. ಪ್ರತಿಯೊಬ್ಬರೂ ಮೂರು ಚೀಟಿಗಳಲ್ಲಿ ಒಂದೊಂದು ಪದ ಬರೆದು ಸ್ಟೀಲ್ ಬಕೆಟ್ಟಿಗೆ ಹಾಕಬೇಕು. ಮೊದಲ ಸುತ್ತಿನಲ್ಲಿ ಚೀಟಿ ಎತ್ತಿದವರು ಆ ಪದವನ್ನು ಹೇಳದೆ ಬೇರೆ ಮಾತಿನಲ್ಲಿ ವಿವರಿಸಬೇಕು, ತಮ್ಮ ಪಾರ್ಟಿಯವರು ಹೇಳಬೇಕು. ಅವೇ ಚೀಟಿಗಳು ಮತ್ತೆ ಬಕೆಟ್ಟಿಗೆ. ಎರಡನೇ ಸುತ್ತಿನಲ್ಲಿ ಬರೀ ಸನ್ನೆ. ಚೀಟಿ ಎಣಿಸುವ ಹೊಣೆ ಸ್ಟೋರಕ್ಕನದು. ಶಾಯಿ, ನಿಬ್ಬು ಕೊಡುವ ಸ್ಟೋರಕ್ಕನ ಕಣ್ಣು ತಪ್ಪಿಸಿ ಒಂದು ಗುಂಡುಸೂಜಿಯೂ ಹೊರಗೆ ಹೋಗುವಂತಿರಲಿಲ್ಲ.

ಆರು ವರ್ಷದ ಹಿಂದಿನ ಆ ದಿನ ಶನಿವಾರ. ಅವನಿಗೆ ದೂರದ ಕಡಲತೀರದ ಸರ್ವೆಗೆ ಆದೇಶ ಬಂದಿತ್ತು. ಬೇಡ ಅನ್ನಲು ಸೋಮವಾರ ಕೊನೆಯ ದಿನ. 'ಇವನು ಹೇಳುವುದಿಲ್ಲ. ನಾನು ಕೇಳಲಾರೆ...' ಅವಳು ಟ್ರೇಸಿಂಗ್ ಹಾಳೆಯ ಚೂರು ಹರಿದು ಬರೆದಳು:

ಹೋಗಬೇಡ.

ಮೊದಲ ಸುತ್ತಿನಲ್ಲಿ ಅದು ಸ್ಟೋರಕ್ಕನಿಗೇ ಸಿಕ್ಕಿತು! "ನಾನು ಡ್ಯೂಟಿಗೆ ಹೊರಟ್ರೆ ನಮ್ಮ ಮಗು ಕಾಲು ಹಿಡ್ಕೊಂಡು ಏನನ್ನುತ್ತೆ, ಹೇಳ್ರೋ?" ಅಂದಳು. "ಹೋಗಬೇಡ!" ಎಂದು ಎಲ್ಲರೂ ಕೂಗಿದರು. ನಗು, ಚಪ್ಪಾಳೆ.

ಸನ್ನೆಯ ಸುತ್ತಿನಲ್ಲಿ ಅವನ ಕೈಗೆ ಬಂತು. ತೆಳ್ಳಗಿನ ಟ್ರೇಸಿಂಗ್ ಚೂರು. ದೂರದಿಂದಲೇ ಅವಳು ಗುರುತಿಸಿದಳು. ಹೋಗುವವರನ್ನು ತಡೆಯುವ ಹಾಗೆ ಒಂದು ಕೈ ಚಾಚಿದ್ದರೆ ಸಾಕಿತ್ತು. ಅವನು ಓದಿದ. ಅವಳತ್ತ ನೋಡಿದ. ನೋಡಿಯೇ ನಿಂತ...

"ಬೇರೆ ತಗೋತೀನಿ," ಅಂದ.

ಚೀಟಿ ಹಿಡಿದ ಕೈ ಬಕೆಟ್ಟಿನೊಳಗೆ ಹೋಗಿ ಬಂತು. ಆದರೆ ಆ ಪದ ಮತ್ತೆ ಬರಲೇ ಇಲ್ಲ.

"ಎಂಬತ್ತೊಂಬತ್ತು! ಒಂದು ಕಡಿಮೆ!" ಸ್ಟೋರಕ್ಕ ಕುರ್ಚಿಗಳನ್ನೆಲ್ಲ ಎತ್ತಿಸಿ ಹುಡುಕಿಸಿದಳು. ಅವನು ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದ. ಕಿಟಕಿ ತೆರೆದಿತ್ತು. ಅವಳಿಗೆ ಅಷ್ಟು ಸಾಕಾಯಿತು.

'ಎಸೆದುಬಿಟ್ಟ!'

ಸೋಮವಾರ ಎಡಗಡೆಯ ಕುರ್ಚಿ ಖಾಲಿಯಾಗಿತ್ತು.

"ಏನೇ ಅಕ್ಷರದವಳೇ, ಹಗಲುಗನಸಾ? ಬಕೆಟ್ ಬಂತು, ಬಾ!" ಸ್ಟೋರಕ್ಕನ ದನಿಗೆ ಅವಳು ಬೆಚ್ಚಿದಳು. ಸ್ಟೋರಕ್ಕನ ತಲೆ ಪೂರ್ತಿ ನರೆತಿತ್ತು. ಗಂಟಲು ಮಾತ್ರ ಹಾಗೇ ಇತ್ತು.

ಇವತ್ತು ಇಪ್ಪತ್ತಾರು ಜನ. ಎಪ್ಪತ್ತೆಂಟು ಚೀಟಿ. ಅವಳು ಒಂದು ಪಾರ್ಟಿ, ಅವನು ಎದುರು ಪಾರ್ಟಿ.

ಮೊದಲ ಸುತ್ತು ಗದ್ದಲದಲ್ಲೇ ಮುಗಿಯಿತು. ಸನ್ನೆಯ ಸುತ್ತಿನಲ್ಲಿ ಅವನ ಸರದಿ ಬಂತು.

"ಗಪ್‌ಚುಪ್‌ಗೆ ಏನ್ರೀ ಕಷ್ಟ! ಜೀವಮಾನವೆಲ್ಲಾ ಇದೇ ಸುತ್ತು ಆಡಿದ್ದಾನೆ," ಎಂದು ಯಾರೋ ಕಿಚಾಯಿಸಿದರು.

ಅವನು ಬಕೆಟ್ಟಿಗೆ ಕೈ ಹಾಕಿದ. ಹೊರಬಂದ ಬೆರಳುಗಳ ನಡುವೆ ಮಡಿಸಿದ ಚೀಟಿಯಿತ್ತು. ಬಿಚ್ಚಿ ನೋಡಲಿಲ್ಲ. ತನ್ನ ಪಾರ್ಟಿಯತ್ತ ತಿರುಗಲೂ ಇಲ್ಲ. ನೇರ ಅವಳತ್ತ ನೋಡಿ ಕೈ ಚಾಚಿದ. ಅಂಗೈ ಮೇಲ್ಮುಖವಾಗಿತ್ತು. 

"ಬಸ್ ನಿಲ್ಲಿಸೋದು!"

"ಮಳೆ ಬರ್ತಿದ್ಯಾ ಅಂತ ನೋಡೋದು!"

"ಅಯ್ಯೋ, ಅಂಥ ಚೀಟಿ ಮೊದಲ ಸುತ್ತಲ್ಲಿ ಇರಲೇ ಇಲ್ಲ ಕಣ್ರೀ!"

'ಇಲ್ಲ... ಇರಲಾರದು...' ಆದರೆ ಅವಳ ತುಟಿ ಆಗಲೇ ಅಲುಗಿತ್ತು.

"ಹೋಗಬೇಡ..."

"ಏಯ್! ಎದುರು ಪಾರ್ಟಿಯವರು ಹೇಳೋ ಹಾಗಿಲ್ಲ!" ಸ್ಟೋರಕ್ಕ ಎದ್ದು ಬಂದು ಅವನ ಕೈಯಿಂದ ಚೀಟಿ ಕಿತ್ತುಕೊಂಡಳು. ಬಿಚ್ಚಿದಳು. ಹಳದಿ ತಿರುಗಿದ ಟ್ರೇಸಿಂಗ್ ಚೂರು. ಮಡಿಕೆಯುದ್ದಕ್ಕೂ ಸವೆದಿತ್ತು. ಸ್ಟೋರಕ್ಕ ಅದನ್ನು ನೋಡಿದಳು, ಅವನನ್ನು ನೋಡಿದಳು, ಕೊನೆಗೆ ಅವಳನ್ನು ನೋಡಿದಳು.

"ಕಳ್ಳ! ಆರು ವರ್ಷ ನನ್ನ ನಿದ್ದೆ ಕೆಡಿಸಿದ್ದು ನೀನೇನಾ?" ಅಂದಳು, ದನಿ ಮೆತ್ತಗಾಗಿ. ಚೀಟಿಯನ್ನು ಇಳಿಜಾರು ಮೇಜಿನ ಮೇಲಿಟ್ಟಳು. "ನಡೀರಿ ಎಲ್ಲಾ, ಕೆಳಗೆ ಕಾಫಿ ಇದೆ. ನಡೀರಿ ಅಂದ್ನಲ್ಲ!"

ಕೋಣೆ ಖಾಲಿಯಾಯಿತು. ಇಳಿಜಾರು ಮೇಜು, ಅವನು, ಅವಳು.

"ಎಸೆದೆ ಅಂದ್ಕೊಂಡಿದ್ದೆ," ಅಂದಳು.

"ಜೇಬಲ್ಲಿ ಇಟ್ಕೊಂಡೆ."

"ಅಕ್ಷರ ನಂದೇ ಅಂತ ಗೊತ್ತಿತ್ತಾ?"

"ನಾಲ್ಕು ವರ್ಷ ನನ್ನ ನದಿಗಳ ಮೇಲೆಲ್ಲಾ ಅದೇ ಅಕ್ಷರ. ಗೊತ್ತಾಗ್ದೇ ಇರುತ್ತಾ?"

"ಮತ್ತೆ ಯಾಕೆ ಹೋದೆ?" ಅವಳ ಕಣ್ಣು ತುಂಬಿತ್ತು.

ಅವನು ಮೇಜಿನ ಅಂಚು ಸವರಿದ. "ಅದರ ಮೇಲೆ ಹೆಸರಿರ್ಲಿಲ್ಲ. ನಂಗೇ ಬರೆದಿದ್ದು ಅಂತ ಹೇಗೆ ತಿಳ್ಕೊಳ್ಲಿ? ಊಹೆ ಮಾಡಿ ಹೆಸರು ಹಾಕ್ಬಾರ್ದು ಅಲ್ವಾ..."

"ಅಯ್ಯೋ ದಡ್ಡ!" ಅವಳು ಅಳುತ್ತಲೇ ನಕ್ಕುಬಿಟ್ಟಳು. "ಆ ಆಟಾನೇ ಊಹೆ ಮಾಡೋದು ಕಣೋ! ಹೋಗ್ಲಿ, ಕೇಳ್ಬಹುದಿತ್ತಲ್ಲ?"

"ಕೇಳೋಕೇ ಬಂದೆ."

"ಆರು ವರ್ಷ ಆದ್ಮೇಲೆ?"



ಅವಳು ಚೀಲದಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟಳು. "ನಾನು ಹೋಗ್ತೀನಿ. ಇದು ನನ್ನ ಕೆಲಸ, ಬಿಡಲ್ಲ. ಅಲ್ಲಿ ಇನ್ನೂ ಕೈಯಲ್ಲೇ ನಕ್ಷೆ ಬರೀತಾರಂತೆ. ಗೆರೆ ಎಳೆಯೋರು ಸಿಕ್ಕಿಲ್ವಂತೆ..." ಪೆನ್ಸಿಲ್ ಎತ್ತಿಕೊಂಡಳು. ಆ ಸವೆದ ಚೂರಿನಲ್ಲಿ 'ಹೋಗಬೇಡ'ದ ಮೇಲೆ ಅವನ ಹೆಸರು ಬರೆದಳು. ಕೆಳಗೆ ತನ್ನದು. "ತಗೋ. ಈಗ ಊಹೆ ಇಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ರೈಲು. ಬರ್ತೀಯಾ?"

ಅವನು ಚೀಟಿಯನ್ನು ಓದಿದ. ಮತ್ತೊಮ್ಮೆ ಓದಿದ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಮೇಜಿನ ಕೆಳಗೆ ಅವಳು ಒಯ್ಯಲು ಕಟ್ಟಿಟ್ಟಿದ್ದ ಶಾಯಿ ಕುಡಿಕೆಗಳ ಮರದ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯನ್ನು ಅವಳತ್ತ ಚಾಚಿದ.

"ಪೆಟ್ಟಿಗೆ ಭಾರ ಇದೆ," ಅಂದಳು.

"ಇರ್ಲಿ."

ಇಬ್ಬರೂ ಮೆಟ್ಟಿಲಿಳಿದರು. ಮರುದಿನ ಏಳರ ರೈಲಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು, ಅವನು ಅವಳ ಎಡಕ್ಕೆ.

ಬರ್ತೀನಿ ಅಂತ ಅವನು ಹೇಳಲೇ ಇಲ್ಲ.