ಕಪ್ಪು ಪುಡಿ ಹಚ್ಚಿದ ಬೀಜ

ಒಂದೇ ಬೋಗುಣಿಯಲ್ಲಿ ಇಬ್ಬರ ಕೈ...

ಸೋಯಾ ಬೀಜಕ್ಕೆ ಸಕ್ಕರೆ ನೀರು ಚಿಮುಕಿಸಿ ಕಪ್ಪು ಪುಡಿ ಕಲೆಸುವಾಗ ಲಿಂಬಾನಿಯ ಬೆರಳು ಜಿಯೋನೆಯ ಬೆರಳಿಗೆ ತಾಗಿತು. ಜಿಯೋನೆ ಕೈ ತೆಗೆಯಲಿಲ್ಲ. ಅವನೂ ತೆಗೆಯಲಿಲ್ಲ!

ಡೆಡ್ಜಾ ಜಿಲ್ಲೆಯ ಅವಳ ಹಳ್ಳಿಗೆ ಲಿಂಬಾನಿಯನ್ನು ರೈತ ಸಂಘ ಬೀಜ, ಪುಡಿ ಕೊಟ್ಟು ಕಳಿಸಿತ್ತು.

"ಇದು ಮಸಿಯಲ್ಲ, ಇದರಲ್ಲಿ ಜೀವಾಣು ಇವೆ," ಅಂದ. "ಬೇರಲ್ಲಿ ಗಂಟು ಕಟ್ಕೊಂಡು ಗಾಳಿಯಿಂದ ಗಿಡಕ್ಕೆ ಊಟ ಮಾಡಿ ಕೊಡ್ತವೆ. ಜೊತೆಗೆ ವಿಟಮಿನ್ನೂ."

"ಮಕ್ಕಳಿಗೆ ಸೋಯಾ ಗಂಜಿ ಕುಡಿಸಿದ ಹಾಗಾ?"

"ಹೂಂ, ಹಾಗೇ. ಬಿಸಿಲು ತಾಗಿದ್ರೆ ಸತ್ತೋಗ್ತವೆ, ನೆರಳಲ್ಲಿಡಿ."

ಬೀಜವನ್ನೇ ಇಷ್ಟು ಮುದ್ದು ಮಾಡುವವನು ಹೆಂಡತಿಯನ್ನು ಹೇಗೆ ನೋಡಿಕೊಂಡಾನು... ಅಂದುಕೊಂಡು ಜಿಯೋನೆ ತಾನೇ ನಾಚಿದಳು.

ಆದರೆ ಬಿತ್ತಿದ ಕೆಲವು ವಾರಕ್ಕೆ ಅವಳ ಹೊಲ ಹಳದಿಗೆ ತಿರುಗಿತು. ಅಕ್ಕಪಕ್ಕದವರು ನಕ್ಕರು. ಅವನು ಬಂದು ಒಂದು ಗಿಡ ಕಿತ್ತು ನೋಡಿದ. ಬೇರಲ್ಲಿ ಒಂದೂ ಗಂಟಿಲ್ಲ. ಬೀಜಕ್ಕೆ ಏನು ಮಾಡಿದಿರಿ ಎಂದು ಕೇಳಿದ, ಅಷ್ಟೇ. ತಪ್ಪು ತನ್ನ ಮೇಲೆ ಹೊರಿಸುತ್ತಿದ್ದಾನೆಂದು ಅವಳಿಗೆ ಮೈಯೆಲ್ಲ ಉರಿಯಿತು. ಬೂದಿ ಮಾರುವ ಮೋಸಗಾರ ಎಂದು ಊರವರೆದುರೇ ಬೈದಳು. ಅವನು ತಲೆ ತಗ್ಗಿಸಿ ಹೊರಟುಹೋದ.

ಆಮೇಲೆ ಶುರುವಾಯಿತು ಸಂಕಟ. ಜೋಳ ಕುಟ್ಟುವಾಗ, ನೀರು ಹೊರುವಾಗ, ಅವಳ ಕಣ್ಣು ದಾರಿಯ ಮೇಲೆಯೇ. 'ಬೈದವಳೂ ನಾನೇ, ಕಾಯುವವಳೂ ನಾನೇ... ಇದೆಂಥ ಹಣೆಬರಹ?' ಆ ಬೆರಳಿನ ನೆನಪಿಗೆ ಊಟವೂ ಸೇರುತ್ತಿರಲಿಲ್ಲ.

ಮತ್ತೆ ಮಳೆ ಹತ್ತಿರವಾದಾಗ, ಮನೆಯ ಬೀಜವನ್ನೇ ಆರಿಸುತ್ತಿದ್ದ ಅಮ್ಮ ನಿರಾಳವಾಗಿ ಅಂದಳು, "ಸದ್ಯ, ಈ ಸಲ ತೊಳೆಯೋ ಕೆಲಸ ತಪ್ಪಿತು."

ಹೊರಗಿನವರು ಕೊಡುವ ಬೀಜಕ್ಕೆಲ್ಲ ವಿಷ ಹಚ್ಚಿರುತ್ತದೆಂಬುದು ಆ ಊರ ಹೆಂಗಸರ ನಂಬಿಕೆ. ನ್ಸಿಮಾ ಮುದ್ದೆ ಮುರಿಯುವ ಕೈಗೆ ವಿಷ ತಾಗಬಾರದಲ್ಲ, ತೊಳೆಯದೆ ಬಿತ್ತುವವರೇ ಇಲ್ಲ.

"ಅಮ್ಮಾ... ಆ ಕಪ್ಪು ಬೀಜಾನೂ ತೊಳೆದ್ಯಾ?"

"ಫಳಫಳ ಹೊಳೆಯೋ ಹಾಗೆ ತೊಳೆದಿದ್ದೆ. ಯಾಕೆ?"

ಬೇರಲ್ಲಿ ಗಂಟಿಲ್ಲದ ಆ ಗಿಡ ಜಿಯೋನೆಗೆ ನೆನಪಾಯಿತು. ಅಯ್ಯೋ, ಏನು ಮಾಡಿಬಿಟ್ಟೆ ನಾನು!

ಲಿಂಬಾನಿ ಪಕ್ಕದ ಊರಲ್ಲಿದ್ದಾನೆಂದು ವಿಚಾರಿಸಿಕೊಂಡು ಓಡಿದಳು. ಅಲ್ಲಿ ಜನ ದೂರದಲ್ಲೇ ನಿಂತಿದ್ದರು, ಅವನ ಬೋಗುಣಿಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಬೂದಿ ಮಾರುವವನೆಂಬ ಅವಳ ಮಾತು ಅವಳಿಗಿಂತ ಮೊದಲೇ ಆ ಊರು ಸೇರಿತ್ತು. ಅವನ ಮುಖ ಬಾಡಿತ್ತು.

ಎಲ್ಲರ ಮುಂದೆ ನಿಂತಳು. "ಇವರನ್ನ ಮೋಸಗಾರ ಅಂದವಳು ನಾನೇ. ಇವರದೇನೂ ತಪ್ಪಿಲ್ಲ. ಪುಡೀಲಿದ್ದ ಜೀವಾನ ನಾವೇ ತೊಳೆದು ಚೆಲ್ಲಿದ್ವಿ."

"ಅಯ್ಯ, ನಾನೂ ತೊಳೀಬೇಕು ಅಂತಿದ್ನಲ್ಲೇ," ಎನ್ನುತ್ತ ಒಬ್ಬಳು ಅಜ್ಜಿ ಬೀಜದ ಬುಟ್ಟಿ ತಂದಳು. ಅವಳ ಹಿಂದೆ ಉಳಿದವರೂ ಬಂದರು.

ಜನ ಕರಗಿದ ಮೇಲೆ ಅವನು ಸೈಕಲ್ ಹಿಡಿದು ಅವಳ ಬಳಿ ಬಂದ.

"ನಿಮ್ಮ ಸೋದರಮಾವ ಊರಲ್ಲಿದ್ದಾರಾ?"

"ಇದ್ದಾರೆ. ಅವರಿಗೂ ಪುಡಿ ಕೊಡ್ತೀರಾ?"

"ಇಲ್ಲ. ನಮ್ಮ ಮಾವನ್ನ ಅವರ ಹತ್ರ ಮಾತಾಡೋಕೆ ಕಳಿಸ್ತೀನಿ."

ಸೋದರಮಾವಂದಿರು ಕೂತು ಮಾತಾಡದೆ ಅಲ್ಲಿ ಯಾವ ಮದುವೆಯೂ ಕುದುರುವುದಿಲ್ಲ. ಜಿಯೋನೆಯ ಕಣ್ಣು ತುಂಬಿ ಬಂತು.

"ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ಆದ್ರೂ ಈ ಸೈಕಲ್ ನಿಮ್ಮೂರ ಕಡೇಗೇ ತಿರುಗ್ತಿತ್ತು. ನಾನೇ ಎಳ್ಕೊಂಡು ವಾಪಸ್ ಬರ್ತಿದ್ದೆ."

"ಇನ್ಮೇಲೆ ಎಳೀಬೇಡಿ..." ಅಂದಳು ಜಿಯೋನೆ, ಕಣ್ಣೊರೆಸಿಕೊಳ್ಳುತ್ತ.